ಬಾಯಿಮಾತು ಒಂದು, ಕಾಗದ ಇನ್ನೊಂದು: ಹಾಲಿಡೇ ಮೆಂಬರ್‌ಶಿಪ್ ಮೋಸ ನಡೆಯುವುದು ಹೇಗೆ?

ಕಳೆದ ವರ್ಷ ಬೆಳಗಾವಿಯಲ್ಲಿ ಮನೆಬಳಕೆ ಸಾಮಾನುಗಳ ಒಂದು ಪ್ರದರ್ಶನ ನಡೆದಿತ್ತು. ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಅಲ್ಲಿಗೆ ಮಿಕ್ಸರ್ ನೋಡಲು ಹೋಗಿದ್ದರು. ಮಳಿಗೆಗಳ ನಡುವೆ ಒಂದು ಮೇಜು, ಅದರ ಮೇಲೆ ಗಾಜಿನ ಡಬ್ಬಿ, ಪಕ್ಕದಲ್ಲಿ ಟೈ ಕಟ್ಟಿದ ಹುಡುಗ. "ಲಕ್ಕಿ ಡ್ರಾ ಐತ್ರಿ ಮೇಡಮ್, ಸುಮ್ನ ಹೆಸರು ಬರದು ಹಾಕ್ರಿ" ಎಂದ. ಕಾಕು ಬರೆದು ಹಾಕಿದರು. ಕೂಪನ್‌ನಲ್ಲಿ ಹೆಸರು, ಫೋನ್ ನಂಬರ್ ಅಷ್ಟೇ ಇರಲಿಲ್ಲ. ಯಜಮಾನರ ಕೆಲಸ ಏನು, ಸ್ವಂತ ಮನೆ ಇದೆಯೇ, ಕಾರು ಇದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ ಎಂದೂ ಕೇಳಿತ್ತು. ಬಹುಮಾನ ಕೊಡುವವರಿಗೆ ನಮ್ಮ ಕಾರಿನ ವಿಷಯ ಯಾಕೆ ಬೇಕು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಎಂಟು ದಿನಕ್ಕೆ ಫೋನ್ ಬಂತು. ಡಿನ್ನರ್ ಸೆಟ್ ಬಂದಿದೆ, ಜೊತೆಗೆ ಗೋವಾದಲ್ಲಿ 3 ರಾತ್ರಿ ಫ್ರೀ. ಕಂಡೀಷನ್ ಒಂದೇ, ಗಂಡ ಹೆಂಡತಿ ಇಬ್ಬರೂ ಬರಬೇಕು. ಭಾನುವಾರ ಸಂಜೆ 4ಕ್ಕೆ ಊರಿನ ಒಂದು ಹೋಟೆಲಿನ ಹಾಲ್‌ಗೆ ಹೋದವರು ಟಿಳಕವಾಡಿಯ ಮನೆಗೆ ವಾಪಸ್ ಬಂದಾಗ ರಾತ್ರಿ 8 ದಾಟಿತ್ತು. ಕೈಯಲ್ಲಿ ಡಿನ್ನರ್ ಸೆಟ್ ಇರಲಿಲ್ಲ. ಒಂದು ಫೈಲ್ ಇತ್ತು. 25 ವರ್ಷದ ಹಾಲಿಡೇ ಮೆಂಬರ್‌ಶಿಪ್, ಬೆಲೆ 2 ಲಕ್ಷ 75 ಸಾವಿರ. ಕಾಕಾನ ಕಾರ್ಡಿನಿಂದ 55 ಸಾವಿರ ಅಲ್ಲೇ ಕಟ್ ಆಗಿತ್ತು. ಉಳಿದಿದ್ದು ಕಂತಿನಲ್ಲಿ.

ಕಾಕಾ ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಬಾಳೆಹಣ್ಣು ಕೊಳ್ಳುವಾಗಲೂ ನಾಲ್ಕು ಗಾಡಿ ಕೇಳುವವರು. ಅಂಥವರು ನಾಲ್ಕು ತಾಸಿನಲ್ಲಿ ಇಷ್ಟು ದುಡ್ಡಿಗೆ ಸಹಿ ಹಾಕಿದ್ದು ಹೇಗೆ? ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಆ ಫೈಲನ್ನು ಹಿಡಿದುಕೊಂಡು ಕೂತ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಮೋಸ ರೆಸಾರ್ಟಿನಲ್ಲಿ ನಡೆಯುವುದಿಲ್ಲ, ಆ ಮೇಜಿನ ಮೇಲೆ ನಡೆಯುತ್ತದೆ. ಅಲ್ಲಿ ಬಾಯಲ್ಲಿ ಹೇಳುವುದು ಒಂದು, ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಇರುವುದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಬೇಕಾದ ಸಮಯವನ್ನು ಮಾತ್ರ ಅವರು ಯಾರಿಗೂ ಕೊಡುವುದಿಲ್ಲ.

ಮೊದಲು ಈ ವ್ಯವಹಾರ ಏನು ಎಂದು ನೋಡೋಣ. ಹಾಲಿಡೇ ಮೆಂಬರ್‌ಶಿಪ್‌ನ ಮೂಲ ಟೈಮ್‌ಶೇರ್. ಟೈಮ್‌ಶೇರ್ ಎಂದರೆ ರೆಸಾರ್ಟಿನ ಒಂದೇ ಕೋಣೆಯನ್ನು ವಾರಗಳ ಲೆಕ್ಕದಲ್ಲಿ ಹಲವರಿಗೆ ಮಾರುವುದು. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಯಿತು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಕಂಪನಿ 1963ರಲ್ಲಿ ಹುಟ್ಟಿತು. ಒಂದೇ ಊರಿಗೆ ಪ್ರತಿ ವರ್ಷ ಹೋಗಿ ಜನರಿಗೆ ಬೇಜಾರಾದಾಗ, ನಿನ್ನ ವಾರ ನನಗೆ, ನನ್ನ ವಾರ ನಿನಗೆ ಎಂದು ಅದಲುಬದಲು ಮಾಡಿಕೊಡುವ ಆರ್‌ಸಿಐ ಎಂಬ ಕಂಪನಿ 1974ರಲ್ಲಿ ಅಮೆರಿಕದಲ್ಲಿ ಬಂತು. ನಮ್ಮ ದೇಶದಲ್ಲೂ ಸ್ವಂತ ರೆಸಾರ್ಟ್ ಕಟ್ಟಿ, ಹತ್ತಾರು ವರ್ಷಗಳಿಂದ ನಡೆಸುತ್ತಿರುವ ಕಂಪನಿಗಳಿವೆ. ಪ್ರತಿ ವರ್ಷ ತಪ್ಪದೆ ಹೋಗುವ, ಮೂರು ತಿಂಗಳು ಮೊದಲೇ ರಜೆ ಗೊತ್ತಿರುವ ಕುಟುಂಬಗಳಿಗೆ ಅದು ಸರಿಹೋಗಲೂಬಹುದು. ಆದ್ದರಿಂದ ಎಲ್ಲವೂ ಮೋಸ ಎಂದು ನಾನು ಹೇಳುವುದಿಲ್ಲ.

ಆದರೆ ಒಂದು ವಿಷಯ ನೆನಪಿರಲಿ. ಹೊಲ ಕೊಂಡರೆ ನಿಮ್ಮ ಹೆಸರಿನಲ್ಲಿ ಉತಾರ (ಪಹಣಿ) ಬರುತ್ತದೆ. ಪ್ಲಾಟ್ ಕೊಂಡರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತದೆ. ಇಲ್ಲಿ ಮಾರುವ ಮೆಂಬರ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇರುವುದಿಲ್ಲ. ಅದು ಆಸ್ತಿ ಅಲ್ಲ, ಬಳಸುವ ಹಕ್ಕು ಅಷ್ಟೇ. ಅದೂ ಕೋಣೆ ಖಾಲಿ ಇದ್ದರೆ. "ಗೋವಾದಾಗ ನಿಮ್ದ ಮನಿ ಇದ್ದಂಗ ಸರ್" ಎಂಬ ಮಾತು ಕೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಉತಾರ ಯಾರ ಹೆಸರಿನಲ್ಲಿದೆ?

ಇನ್ನೂ ಕೆಳಗಿನ ಮಟ್ಟದಲ್ಲಿ, ಸ್ವಂತ ರೆಸಾರ್ಟ್ ಒಂದೂ ಇಲ್ಲದ ಹಾಲಿಡೇ ಕ್ಲಬ್‌ಗಳಿವೆ. ಕರಪತ್ರದಲ್ಲಿ ನೂರಾರು ಹೋಟೆಲ್‌ಗಳ ಫೋಟೋ ಇರುತ್ತದೆ. ಅದರಲ್ಲಿ ಒಂದೂ ಅವರದಲ್ಲ. ನೀವು ಕೇಳಿದಾಗ ಯಾವುದೋ ಹೋಟೆಲಿನಲ್ಲಿ ಒಂದು ಕೋಣೆ ಬುಕ್ ಮಾಡಿ ಕೊಡುತ್ತಾರೆ, ಅಥವಾ ಕೊಡುವುದಿಲ್ಲ. ಅದಕ್ಕೂ ಕೆಳಗೆ ಬಾಡಿಗೆ ಕಚೇರಿ, ಹೊಸ ಹೆಸರು, ಆರು ತಿಂಗಳು ದುಡ್ಡು ಎತ್ತಿ ಬಾಗಿಲು ಹಾಕುವವರು. ಮೇಜಿನ ಮುಂದೆ ಕೂತಾಗ ಈ ಮೂವರಲ್ಲಿ ಯಾರು ಎದುರಿಗಿದ್ದಾರೆ ಎಂದು ಗೊತ್ತಾಗುವುದೇ ಇಲ್ಲ. ಮೂವರ ಮಾತೂ ಒಂದೇ, ಮೂವರ ಟೈಯೂ ಒಂದೇ.

ನಮ್ಮ ಊರು ಇವರಿಗೆ ಯಾಕೆ ಇಷ್ಟ ಎಂದು ಊಹಿಸುವುದು ಕಷ್ಟವಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಗಾವಿಯವರಿಗೆ ಅದು ಬೆಳಿಗ್ಗೆ ಹೋಗಿ ರಾತ್ರಿ ಬರುವ ಜಾಗ. ನಿವೃತ್ತ ನೌಕರರು, ಪಿಂಚಣಿ ಬರುವ ಸೈನಿಕರ ಕುಟುಂಬಗಳು, ಸಣ್ಣ ಕಾರ್ಖಾನೆ ನಡೆಸುವವರು ಇಲ್ಲಿ ಜಾಸ್ತಿ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಕೈಯಲ್ಲಿ ನಿವೃತ್ತಿಯ ದುಡ್ಡಿದೆ, ಸಮಯವಿದೆ, ಇಷ್ಟು ದಿನ ಎಲ್ಲೂ ಹೋಗಲಿಲ್ಲ ಎಂಬ ಒಂದು ಸಣ್ಣ ಕೊರಗೂ ಇದೆ. ಗೋವಾಕ್ಕೇ ಹೋದರೆ ಅಲ್ಲಿ ಬೇರೆ ಬಾಗಿಲು. ಕಲಂಗುಟ್, ಬಾಗಾ ಕಡೆ ರಸ್ತೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಹಿಡಿದವರು ಅಡ್ಡ ಬರುತ್ತಾರೆ. ಉಜ್ಜಿದರೆ ಬಹುಮಾನ. ತೆಗೆದುಕೊಳ್ಳಲು ಒಂದು ಹೋಟೆಲಿಗೆ ಬನ್ನಿ, ಟ್ಯಾಕ್ಸಿ ನಮ್ಮದೇ ಎನ್ನುತ್ತಾರೆ. ಕಾರ್ಡ್ ಇರಲಿ, ಕೂಪನ್ ಇರಲಿ, ಹೋಗಿ ಸೇರುವುದು ಅದೇ ಮೇಜಿಗೆ.

ಆ ಮೇಜಿನ ಕಥೆಯನ್ನು ಕಾಕು ನನಗೆ ಬಿಡಿಸಿ ಬಿಡಿಸಿ ಹೇಳಿದರು. ಹಾಲ್‌ನಲ್ಲಿ ಹತ್ತು ಹನ್ನೆರಡು ಮೇಜು, ಪ್ರತಿಯೊಂದಕ್ಕೂ ಒಂದು ಜೋಡಿ. ಜೋರಾಗಿ ಹಾಡು ಹಚ್ಚಿದ್ದರು. ಪಕ್ಕದ ಮೇಜಿನಲ್ಲಿ ಏನು ಮಾತು ನಡೆದಿದೆ ಎಂದು ಕೇಳುವುದೇ ಇಲ್ಲ. ಆಗಾಗ ಯಾರೋ ಮೈಕಿನಲ್ಲಿ "ಹೊಸ ಮೆಂಬರ್, ಚಪ್ಪಾಳೆ" ಎನ್ನುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇವರ ಮೇಜಿಗೆ ಬಂದ ಹುಡುಗ ಮೊದಲ ಅರ್ಧ ತಾಸು ದುಡ್ಡಿನ ಮಾತೇ ಎತ್ತಲಿಲ್ಲ. ಕಾಕುವಿನ ತವರು ಯಾವುದು, ಮಕ್ಕಳು ಎಲ್ಲಿ, ಮೊಮ್ಮಕ್ಕಳು ಎಷ್ಟು ಎಂದು ಕೇಳಿದ. ಒಮ್ಮೆ ಮರಾಠಿ, ಒಮ್ಮೆ ಕನ್ನಡ. ಆಮೇಲೆ, "ಕಡೀಕ ಯಾವಾಗ ತಿರುಗಾಡಾಕ ಹೋಗಿದ್ರಿ ಮೇಡಮ್?" ಎಂದ. ಕಾಕು ನಿಜ ಹೇಳಿದರು: ಮೊಮ್ಮಗನ ಜವಳಕ್ಕೆ ಸವದತ್ತಿ ಎಲ್ಲಮ್ಮನಿಗೆ, ಅದಕ್ಕೂ ಮೊದಲು ಯಾವಾಗಲೋ ಗೋಕರ್ಣಕ್ಕೆ. ಹುಡುಗ ಕಾಕಾನ ಕಡೆ ತಿರುಗಿ, "ಸರ್, ಮೂವತ್ತು ವರ್ಷ ಮೇಡಮ್ ಅಡಗಿಮನ್ಯಾಗ ಇದ್ರು. ಇನ್ನಾದ್ರೂ ಅವರಿಗೆ ಏನರ ಮಾಡ್ರಿ" ಎಂದ.

ಕಾಕಾ ಮೆತ್ತಗಾದದ್ದು ಅಲ್ಲೇ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂಬ ಕಂಡೀಷನ್ ಯಾಕೆ ಎಂದು ಆಗ ನನಗೂ ಅರ್ಥವಾಯಿತು. ಒಬ್ಬರೇ ಇದ್ದರೆ "ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಎದ್ದು ಬರಬಹುದು. ಇಬ್ಬರೂ ಎದುರಿಗಿದ್ದರೆ ಆ ದಾರಿ ಮುಚ್ಚುತ್ತದೆ. ಬೇಡ ಎಂದವರು ತಮ್ಮ ಸಂಗಾತಿಯ ಎದುರೇ ಜಿಪುಣರಾಗಬೇಕು.

ನಂತರ ಅವನು ಒಂದು ಖಾಲಿ ಹಾಳೆ ತೆಗೆದ. ಹೋಟೆಲ್ ಕೋಣೆಗೆ ದಿನಕ್ಕೆ 5,000, ವರ್ಷಕ್ಕೆ 7 ದಿನ, 35,000. ಪ್ರತಿ ವರ್ಷ ಹೋಟೆಲ್ ಬಾಡಿಗೆ ನೂರಕ್ಕೆ 10ರಂತೆ ಏರುತ್ತದೆ. 25 ವರ್ಷಕ್ಕೆ ಒಟ್ಟು 34 ಲಕ್ಷ. ಅದಕ್ಕೆ ದೊಡ್ಡದಾಗಿ ಸುತ್ತು ಹಾಕಿದ. ಕೆಳಗೆ ನಾಲ್ಕೂವರೆ ಲಕ್ಷ ಎಂದು ಬರೆದ. ಮ್ಯಾನೇಜರ್ ಎನ್ನುವವರು ಬಂದು ಅದನ್ನು ಹೊಡೆದು ಹಾಕಿ 2 ಲಕ್ಷ 75 ಸಾವಿರ ಎಂದು ಬರೆದರು. ಇವತ್ತು ಮಾತ್ರ. ನಾಳೆ ಬಂದರೆ ಹಳೆ ರೇಟೇ. ಸಹಿ ಆದ ಮೇಲೆ ಮೂರನೆಯವರು ಅಚ್ಚು ಹಾಕಿದ ಕರಾರಿನ ಪ್ರತಿ ಕೊಟ್ಟರು. ಲೆಕ್ಕ ಬರೆದ ಹಾಳೆ ಮಾತ್ರ ಹುಡುಗನ ಜೇಬಿಗೆ ಹೋಯಿತು.

ಆ ಗುಣಾಕಾರದಲ್ಲಿ ತಪ್ಪಿಲ್ಲ. ನಾನು ಮಾಡಿ ನೋಡಿದ್ದೇನೆ, 34 ಲಕ್ಷ ದಾಟುತ್ತದೆ. ತಪ್ಪಿರುವುದು ಬಿಟ್ಟ ಸಾಲುಗಳಲ್ಲಿ. ಕರಾರಿನ ಪ್ರಕಾರ ಪ್ರತಿ ವರ್ಷ 14,000 ರೂಪಾಯಿ ನಿರ್ವಹಣಾ ಶುಲ್ಕ ಕಟ್ಟಬೇಕು. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಅದನ್ನು ಏರಿಸುವ ಹಕ್ಕು ಕಂಪನಿಗಿದೆ, ಮಿತಿ ಬರೆದಿಲ್ಲ. ಹೋಟೆಲ್ ಬಾಡಿಗೆ ನೂರಕ್ಕೆ 10ರಂತೆ ಏರುವುದಾದರೆ ಈ ಶುಲ್ಕವೂ ಹಾಗೇ ಏರಬೇಕಲ್ವಾ? ಅದೇ ಗುಣಾಕಾರ ಹಾಕಿದರೆ 25 ವರ್ಷಕ್ಕೆ ಶುಲ್ಕವೇ 13 ಲಕ್ಷ 75 ಸಾವಿರ ದಾಟುತ್ತದೆ. ಮೆಂಬರ್‌ಶಿಪ್‌ನ ಐದು ಪಟ್ಟು! ಇದರ ಒಂದು ಅಂಕಿಯೂ ಆ ಹಾಳೆಯಲ್ಲಿ ಇರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. 2 ಲಕ್ಷ 75 ಸಾವಿರವನ್ನು ನೂರಕ್ಕೆ 7ರ ಬಡ್ಡಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 19,250 ಬರುತ್ತದೆ. ಅಸಲು ಹಾಗೇ ಇರುತ್ತದೆ. ಆ ಬಡ್ಡಿಗೆ ಶುಲ್ಕದ 14,000 ಸೇರಿಸಿ: 33,250. ಕರಾರಿನಲ್ಲಿ "7 ದಿನ" ಎಂದರೆ 6 ರಾತ್ರಿ. ಭಾಗಿಸಿದರೆ ರಾತ್ರಿಗೆ 5,500ಕ್ಕೂ ಜಾಸ್ತಿ. ಊಟ, ಜಿಎಸ್‌ಟಿ, ಹೋಗಿಬರುವ ಖರ್ಚು ಬೇರೆ. ಅಂದರೆ ಮೊದಲ ವರ್ಷವೇ ಇದು ಆ ಹುಡುಗ ಹೇಳಿದ 5,000ದ ಹೋಟೆಲಿಗಿಂತ ದುಬಾರಿ. ದಾಂಡೇಲಿಯಲ್ಲೋ ಮಹಾಬಳೇಶ್ವರದಲ್ಲೋ ಸೀಸನ್ ಇಲ್ಲದಾಗ ಇದಕ್ಕಿಂತ ಬಹಳ ಕಡಿಮೆಗೆ ಒಳ್ಳೆ ಕೋಣೆ ಸಿಗುತ್ತದೆ. ಯಾರೇ ಈ ಮೆಂಬರ್‌ಶಿಪ್ ತೋರಿಸಿದರೂ ಈ ಎರಡು ಲೆಕ್ಕ ಹಾಕಿ. ಐದು ನಿಮಿಷದ ಕೆಲಸ.

ಆ ರಾತ್ರಿ ನಾನು ಓದಿದ ಕರಾರು 14 ಪುಟ, ಸಣ್ಣ ಅಕ್ಷರದ ಇಂಗ್ಲಿಷ್. ಕಾಕುವಿಗೆ ದೀಪಾವಳಿಗೂ ಕೋಣೆ ಸಿಗುತ್ತದೆ ಎಂದಿದ್ದರು. ಕರಾರಿನಲ್ಲಿ ದೀಪಾವಳಿ, ಕ್ರಿಸ್‌ಮಸ್, ಮೇ ತಿಂಗಳ ರಜೆ ಎಲ್ಲ ಹೊರಗೆ. ಬೇಕಾದಾಗ ಫೋನ್ ಮಾಡಿದರೆ ಸಾಕು ಎಂದಿದ್ದರು. ಕರಾರಿನಲ್ಲಿ 60 ದಿನ ಮೊದಲು ಬುಕ್ ಮಾಡಬೇಕು, ಆಗಲೂ ಖಾಲಿ ಇದ್ದರೆ ಮಾತ್ರ. ಹತ್ತು ದಿನದಲ್ಲಿ ಬೇಡ ಎಂದರೆ ಪೂರ್ತಿ ದುಡ್ಡು ವಾಪಸ್ ಎಂದಿದ್ದರು. ಕರಾರಿನಲ್ಲಿ ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸ್ ಇಲ್ಲ. ಕೊನೆಯ ಪುಟಕ್ಕೆ ಹತ್ತಿರ ಒಂದು ಸಾಲು: ಕಂಪನಿಯ ಪ್ರತಿನಿಧಿ ಬಾಯಿಮಾತಿನಲ್ಲಿ ಹೇಳಿದ ಯಾವುದಕ್ಕೂ ಕಂಪನಿ ಜವಾಬ್ದಾರಿಯಲ್ಲ. ನಾಲ್ಕು ತಾಸು ಆಡಿದ ಮಾತನ್ನೆಲ್ಲ ಆ ಒಂದು ಸಾಲು ಒರೆಸಿ ಹಾಕಿತ್ತು. ಗೋವಾದ ಫ್ರೀ ವೋಚರ್ ಓದಿದರೆ ಅಲ್ಲೂ ಹಾಗೇ. ಶನಿವಾರ, ಭಾನುವಾರ ನಡೆಯುವುದಿಲ್ಲ. ತಲೆಗೆ ಇಷ್ಟು ಎಂದು ಸೇವಾ ಶುಲ್ಕ, ಊಟದ ಪ್ಯಾಕೇಜ್ ಕಡ್ಡಾಯ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಜೀವವಿಮೆ ಪಾಲಿಸಿ ಕೊಂಡು ಮನೆಗೆ ಬಂದು ಓದಿ, ಬೇಡ ಎನಿಸಿದರೆ 30 ದಿನದೊಳಗೆ ವಾಪಸ್ ಮಾಡುವ ಹಕ್ಕು ನಮಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮ ಅದನ್ನು ಕೊಟ್ಟಿದೆ. ಯುರೋಪಿನಲ್ಲಿ ಟೈಮ್‌ಶೇರ್ ಕೊಂಡವರು 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಅಮೆರಿಕದ ಫ್ಲೋರಿಡಾದಲ್ಲಿ 10 ದಿನ. ಆ ದಿನಗಳು ಮುಗಿಯುವ ತನಕ ಎಷ್ಟೇ ಚಪ್ಪಾಳೆ ತಟ್ಟಿದರೂ ವ್ಯಾಪಾರ ಪಕ್ಕಾ ಅಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ. ಹಿಂದೆ ಸರಿಯುವ ದಿನಗಳನ್ನು ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 25 ವರ್ಷದ ವ್ಯವಹಾರಕ್ಕೆ 25 ಗಂಟೆಯೂ ಯೋಚಿಸಲು ಸಿಗುವುದಿಲ್ಲ ಎಂದರೆ ಅದು ಸರಿಯೇ? ಇದಕ್ಕೆ ಕಾನೂನು ಬೇಕು, ಬೇಗ ಬೇಕು.

ಕಾನೂನು ಬರುವ ತನಕ ಆ ದಿನಗಳನ್ನು ನಾವೇ ತೆಗೆದುಕೊಳ್ಳಬೇಕು. ಬಹುಮಾನ ಎಂದು ಕರೆದರೆ ಹೋಗದೇ ಇರುವುದು ಎಲ್ಲಕ್ಕಿಂತ ಒಳ್ಳೆಯದು. ಹೋದರೂ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಿ, ಫೋನಿನಲ್ಲಿ ಯುಪಿಐ ಇದ್ದರೆ ಅದನ್ನು ಮುಟ್ಟುವುದಿಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಒಂದೇ ಮಾತು ಹೇಳಿ: "ಕರಾರಿನ ಪ್ರತಿ ಕೊಡ್ರಿ, ಮನ್ಯಾಗ ಓದಿ ಎರಡ ದಿನ ಬಿಟ್ಟು ಬರ್ತೀವಿ." ನಿಜವಾದ ಕಂಪನಿಗೆ ಇದರಿಂದ ನಷ್ಟವಿಲ್ಲ. ಪ್ರತಿ ಕೊಡಲು ಆಗುವುದಿಲ್ಲ, ಇವತ್ತೇ ಆಗಬೇಕು ಎಂದರೆ ನಿಮಗೆ ಉತ್ತರ ಸಿಕ್ಕಿತು. ಎದ್ದು ಬನ್ನಿ.

ಆ ಎರಡು ದಿನದಲ್ಲಿ ಮಾಡುವ ಕೆಲಸ ಇದೆ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಯಾವಾಗ ನೋಂದಣಿ ಆಗಿದೆ, ಬಂಡವಾಳ ಎಷ್ಟು ಎಂದು ಪುಕ್ಕಟೆ ನೋಡಬಹುದು. ಎಂಟು ತಿಂಗಳ ಹಿಂದೆ ಹುಟ್ಟಿದ, 1 ಲಕ್ಷ ಬಂಡವಾಳದ ಕಂಪನಿ 25 ವರ್ಷದ ಮಾತು ಕೊಟ್ಟರೆ ಅದನ್ನು ನಂಬುವುದು ಹೇಗೆ? ಹೆಸರಿನ ಸ್ಪೆಲ್ಲಿಂಗ್ ಅಕ್ಷರ ಬಿಡದೆ ನೋಡಿ. ಹೆಸರಾಂತ ಕಂಪನಿಯ ಹೆಸರಿಗೆ ಒಂದು ಶಬ್ದ ಸೇರಿಸಿ ಅಂಗಡಿ ಇಡುವವರಿದ್ದಾರೆ. ಫೋಟೋದಲ್ಲಿರುವ ರೆಸಾರ್ಟಿಗೆ ನೀವೇ ನಂಬರ್ ಹುಡುಕಿ ಫೋನ್ ಮಾಡಿ, ಈ ಕಂಪನಿಯ ಮೆಂಬರ್‌ಗಳಿಗೆ ಕೋಣೆ ಕೊಡುತ್ತೀರಾ ಎಂದು ಕೇಳಿ. ಕಾಕಾನ ವಿಷಯದಲ್ಲಿ ಕಾರ್ಡ್ ಯಂತ್ರದಿಂದ ಬಂದ ಚೀಟಿಯಲ್ಲಿದ್ದ ಹೆಸರೇ ಬೇರೆ, ಕರಾರಿನಲ್ಲಿದ್ದ ಹೆಸರೇ ಬೇರೆ. ಆ ಒಂದು ಚೀಟಿ ನೋಡಿದ್ದರೂ ಅನುಮಾನ ಬರಬೇಕಿತ್ತು.

ಇನ್ನೊಂದು ಬಗೆ ಇದೆ, ಇದು ಹೆಚ್ಚು ಅಪಾಯದ್ದು. "ತಿರುಗಾಡಾಕ ಹೋಗದಿದ್ರ ಬಡ್ಡಿ ಸೇರಿಸಿ ರೊಕ್ಕ ವಾಪಸ್" ಎನ್ನುವುದು. ಹೆಸರಿಗೆ ಹಾಲಿಡೇ ಪ್ಲಾನ್, ಒಳಗೆ ಠೇವಣಿ. ಮುಂಬೈಯ ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ ಹೀಗೇ ಟೈಮ್‌ಶೇರ್ ಹೆಸರಿನಲ್ಲಿ ಹಣ ಎತ್ತಿತ್ತು. ಇದು ಟೈಮ್‌ಶೇರ್ ಅಲ್ಲ, ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು 2015ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳಿತು, ಜನರಿಗೆ ಹಣ ಮರಳಿಸಲು ಆದೇಶಿಸಿತು. ಮೊತ್ತ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೇಲೆ. ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿಯ ರೂಢಿ ನಮ್ಮ ಕಡೆ ಇದೆ. ಅದಕ್ಕೇ ಇಂಥ ಪ್ಲಾನ್ ನಮ್ಮ ಜನರಿಗೆ ಹೊಸದು ಅನಿಸುವುದಿಲ್ಲ, ಪರಿಚಯದ ಏಜೆಂಟ್ ಬಂದು ಕೇಳಿದರೆ ಕಟ್ಟಿಬಿಡುತ್ತಾರೆ. ರಜೆಯ ಮಾತಿನ ಜೊತೆ ಬಡ್ಡಿಯ ಮಾತು ಬಂದರೆ ಸೆಬಿಯ ನೋಂದಣಿ ಸಂಖ್ಯೆ ಕೇಳಿ. ಇಂಥವರ ಮೇಲೆ ಪೊಲೀಸರಿಗೆ ದೂರು ಕೊಡಲು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ, ರಾಜ್ಯದ್ದೇ ಆದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೂ ಇದೆ.

ಸಹಿ ಆಗಿಬಿಟ್ಟಿದೆ, ಈಗೇನು? ಮರುದಿನ ಬೆಳಿಗ್ಗೆಯೇ ಕೆಲಸ ಶುರು ಮಾಡಬೇಕು. ಮೆಂಬರ್‌ಶಿಪ್ ಬೇಡ, ಹಣ ವಾಪಸ್ ಕೊಡಿ ಎಂದು ಇಮೇಲ್ ಹಾಕಿ, ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕಾರ್ಡಿನಿಂದ ಹೋಗಿದ್ದರೆ ಬ್ಯಾಂಕಿಗೆ ಅದೇ ದಿನ ಬರೆದು ಕೊಡಿ. ಕಂತಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಂತು ಕಂಪನಿಗೇ ಹೋಗುತ್ತಿದ್ದರೆ ಬ್ಯಾಂಕಿಗೆ ಬರೆದು ಆಟೋ ಡೆಬಿಟ್ ನಿಲ್ಲಿಸಬಹುದು. ಆದರೆ ನಿಮ್ಮ ಹೆಸರಿನಲ್ಲಿ ಯಾವುದೋ ಫೈನಾನ್ಸ್ ಕಂಪನಿ ಸಾಲ ಕೊಟ್ಟಿದ್ದರೆ ಸುಮ್ನೆ ನಿಲ್ಲಿಸಿದರೆ ಸಿಬಿಲ್, ಅಂದರೆ ಸಾಲ ತೀರಿಸುವ ವಿಷಯದಲ್ಲಿ ನಿಮಗಿರುವ ಅಂಕ, ಕೆಡುತ್ತದೆ. ಎಷ್ಟೋ ಜನರಿಗೆ ತಾವು ಸಾಲದ ಕಾಗದಕ್ಕೂ ಸಹಿ ಹಾಕಿದ್ದು ಗೊತ್ತೇ ಇರುವುದಿಲ್ಲ. ಅದನ್ನು ಮೊದಲು ನೋಡಿಕೊಳ್ಳಿ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿ ಜನ ಹೆದರಿ ಹಿಂದೆ ಸರಿಯುವುದು ಕರಾರಿನ ಎರಡು ಸಾಲು ನೋಡಿ. ಒಂದು, ವ್ಯಾಜ್ಯ ಏನಿದ್ದರೂ ದೆಹಲಿಯಲ್ಲೋ ಮುಂಬೈಯಲ್ಲೋ ಮಾತ್ರ. ಇನ್ನೊಂದು, ಮಧ್ಯಸ್ಥಗಾರರ ಮುಂದೆ ಮಾತ್ರ. ಎರಡಕ್ಕೂ ಹೆದರಬೇಕಿಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ, ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು ಎನ್ನುತ್ತದೆ. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಅಂದರೆ ಕಂಪನಿ ಎಲ್ಲಿಯದೇ ಇರಲಿ, ಅವರೇ ಬೆಳಗಾವಿಗೆ ಬಂದು ಉತ್ತರ ಕೊಡಬೇಕು. ಮಧ್ಯಸ್ಥಿಕೆಯ ಕಲಂ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗುವುದನ್ನು ತಡೆಯಲಾಗದು ಎಂದು 2018ರ ಡಿಸೆಂಬರ್‌ನಲ್ಲಿ ಎಮಾರ್ ಎಂಜಿಎಫ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಆಯೋಗದಲ್ಲಿ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಎಂದೂ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ. ಫ್ರೀ ಗಿಫ್ಟ್ ವಿಷಯವನ್ನು ದೂರಿನಲ್ಲಿ ಬರೆಯಲು ಮರೆಯಬೇಡಿ. ಕೊಡುವ ಉದ್ದೇಶವಿಲ್ಲದೆ ಬಹುಮಾನದ ಆಸೆ ತೋರಿಸುವುದು, ನಮ್ಮ ಹಣದಲ್ಲೇ ಸೇರಿಸಿ ಉಚಿತ ಎಂದು ನಂಬಿಸುವುದು, ಎರಡನ್ನೂ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಕಂಪನಿಯೇ ಸುಳ್ಳು, ಕಚೇರಿ ಖಾಲಿ ಎಂದಾದರೆ ಪೊಲೀಸ್ ಠಾಣೆಗೆ ಹೋಗಬೇಕು. ಹಳೆ ಐಪಿಸಿಯ 420 ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ.

ಕಾಕಾ ಮೊದಲ ಇಮೇಲ್ ಹಾಕಿದ್ದು ಸೋಮವಾರ ಬೆಳಿಗ್ಗೆ. ಹತ್ತನೇ ದಿನ ಉತ್ತರ ಬಂತು: ಹಣ ವಾಪಸ್ ಇಲ್ಲ, ಬೇಕಾದರೆ ಇನ್ನೂ 40,000 ಕಟ್ಟಿ, ಒಳ್ಳೆ ಸೀಸನ್‌ಗೆ ಬದಲಿಸಿಕೊಡುತ್ತೇವೆ. ಮುಳುಗಿದವರಿಗೆ ಇನ್ನಷ್ಟು ನೀರು. ಕಾಕಾ ಕಟ್ಟಲಿಲ್ಲ. ಆದರೆ ಮನೆಯ ಹೊರಗೆ ಯಾರಿಗೂ ಹೇಳಲೂ ಇಲ್ಲ. ಕಲಿಸಿದ ಹುಡುಗರು ರಸ್ತೆಯಲ್ಲಿ ಸಿಕ್ಕರೆ ಏನೆಂದುಕೊಂಡಾರು ಎಂಬ ನಾಚಿಕೆ. ಓಣಿಯಲ್ಲಿ ಇನ್ನೂ ಎರಡು ಮನೆಯವರು ಅದೇ ಹಾಲ್‌ಗೆ ಹೋಗಿ ಸಹಿ ಹಾಕಿದ್ದು ನಮಗೆ ಗೊತ್ತಾದದ್ದು ತಿಂಗಳುಗಳ ಮೇಲೆ. ಅವರೂ ಯಾರಿಗೂ ಹೇಳಿರಲಿಲ್ಲ. ಕಾಕಾ ಮೊದಲ ವಾರವೇ ಬಾಯಿ ಬಿಟ್ಟಿದ್ದರೆ ಅವರಲ್ಲಿ ಒಬ್ಬರಾದರೂ ಉಳಿಯುತ್ತಿದ್ದರು. ಇದನ್ನು ಅವರೇ ನನ್ನೆದುರು ಹೇಳಿ ಬಹಳ ನೊಂದುಕೊಂಡರು.

ಮೂರು ತಿಂಗಳ ನಂತರ ಬೇರೆ ಫೋನ್ ಬಂತು. ಹಿಂದಿಯಲ್ಲಿ ಮಾತು, ಬಹಳ ಮರ್ಯಾದೆಯ ಧ್ವನಿ. ನಿಮ್ಮ ಮೆಂಬರ್‌ಶಿಪ್ ಕೊಳ್ಳಲು ಗುಜರಾತಿನ ಒಬ್ಬರು ತಯಾರಿದ್ದಾರೆ, 3 ಲಕ್ಷ ಕೊಡುತ್ತಾರೆ. ವರ್ಗಾವಣೆ ಶುಲ್ಕ ಮತ್ತು ತೆರಿಗೆ ಎಂದು ನೀವು 18,500 ಮೊದಲು ಕಟ್ಟಬೇಕು. ಮೆಂಬರ್‌ಶಿಪ್ ನಂಬರ್, ಕಟ್ಟಿದ ಮೊತ್ತ ಎಲ್ಲ ಅವರ ಬಳಿ ಇತ್ತು. ಕಾಕಾ ಖುಷಿಯಿಂದ ಪಾಸ್‌ಬುಕ್ ತರಲು ಎದ್ದರು. ಕಾಕು ಫೋನ್ ಇಸಿದುಕೊಂಡು ಕೇಳಿದ್ದು ಒಂದೇ ಮಾತು: "ಮಾರಿದ ರೊಕ್ಕದಾಗ ನಿಮ್ಮ ಹದಿನೆಂಟೂವರೆ ಸಾವಿರ ಮುರ್ಕೊಂಡು ಉಳದದ್ದು ಕೊಡ್ರಿ." ಫೋನ್ ಮಾಡಿದ್ದ ಹುಡುಗಿಗೆ ಕನ್ನಡ ತಿಳಿಯಲಿಲ್ಲ. ಕಾಕು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು. ಫೋನ್ ಕಟ್ ಆಯಿತು. ಆ ನಂಬರ್ ಮತ್ತೆ ಹತ್ತಲೇ ಇಲ್ಲ.

ಮೊದಲ ಮೋಸದಲ್ಲಿ ಸಿಕ್ಕವರ ಪಟ್ಟಿಯೇ ಎರಡನೇ ಮೋಸಕ್ಕೆ ಬಂಡವಾಳ. ಕಳಕೊಂಡ ದುಡ್ಡು ಬರುತ್ತದೆ ಎಂಬ ಆಸೆ ಹೊಸ ಆಸೆಗಿಂತ ದೊಡ್ಡದು. ಮೆಕ್ಸಿಕೋದ ಪೋರ್ಟೊ ವಯಾರ್ತಾದಲ್ಲಿ ಮಾದಕ ವಸ್ತುಗಳ ಗ್ಯಾಂಗೊಂದು ಇದನ್ನೇ ದಂಧೆ ಮಾಡಿಕೊಂಡಿತ್ತು. ಅಲ್ಲಿ ಟೈಮ್‌ಶೇರ್ ಇಟ್ಟುಕೊಂಡಿದ್ದ ವಯಸ್ಸಾದ ಅಮೆರಿಕನ್ನರಿಗೆ ಫೋನ್ ಮಾಡಿ, ಗಿರಾಕಿ ಸಿದ್ಧ, ತೆರಿಗೆ ಮೊದಲು ಕಟ್ಟಿ ಎಂದು ಹಣ ಎಳೆಯುತ್ತಿತ್ತು. 2023ರಲ್ಲಿ ಅಮೆರಿಕ ಸರ್ಕಾರದ ಹಣಕಾಸು ಇಲಾಖೆ ಅದಕ್ಕೆ ಸಂಬಂಧಪಟ್ಟ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಅಲ್ಲಿಯ ತೆರಿಗೆ, ಇಲ್ಲಿಯ ವರ್ಗಾವಣೆ ಶುಲ್ಕ, ಹಾಡು ಒಂದೇ. ಗ್ರಾಹಕ ಆಯೋಗದಿಂದ ಮಾತಾಡುತ್ತಿದ್ದೇವೆ, ನಿಮ್ಮ ಹಣ ಮಂಜೂರಾಗಿದೆ, ಫೀ ಕಟ್ಟಿ ಎಂದೂ ಫೋನ್ ಬರಬಹುದು. ಆಯೋಗ ಫೋನ್ ಮಾಡಿ ಫೀ ಕೇಳುವುದಿಲ್ಲ. ಇಂಥದ್ದಕ್ಕೆ ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಮಾತ್ರ ಹಣವನ್ನು ಬ್ಯಾಂಕಿನಲ್ಲಿ ತಡೆಯಲು ಅವಕಾಶ ಇರುತ್ತದೆ.

ಆ ಫೋನ್ ಬಂದ ವಾರವೇ ಕಾಕಾ ದೂರು ಕೊಡಲು ಒಪ್ಪಿದರು. ಜಿಲ್ಲಾ ಆಯೋಗಕ್ಕೆ ಕನ್ನಡದಲ್ಲೇ ಬರೆದೆವು. ಕರಾರು, ಕಾರ್ಡಿನ ಚೀಟಿ, ಇಮೇಲ್, ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಎಲ್ಲ ಇತ್ತು. ಆದರೆ ಮೇಜಿನ ಮೇಲೆ ಆಡಿದ ಮಾತಿಗೆ ಪುರಾವೆ ಏನು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಕಾಕು ಒಳಗೆ ಹೋಗಿ ಹಳೆ ಕ್ಯಾಲೆಂಡರಿನ ಒಂದು ಹಾಳೆ ತಂದರು. ಅವತ್ತು ಭಾನುವಾರ ರಾತ್ರಿ ನಿದ್ದೆ ಬರದೆ ಅದರ ಹಿಂದೆ ಅವರು ಬರೆದಿಟ್ಟಿದ್ದರಂತೆ. ಹುಡುಗನ ಹೆಸರು, ಮ್ಯಾನೇಜರ್ ಬಂದ ಸಮಯ, ದೀಪಾವಳಿಗೆ ಕೋಣೆ, ಹತ್ತು ದಿನದಲ್ಲಿ ರೊಕ್ಕ ವಾಪಸ್, 5,000, 35,000, ಸುತ್ತು ಹಾಕಿದ 34 ಲಕ್ಷ. ಹುಡುಗನ ಜೇಬಿಗೆ ಹೋದ ಲೆಕ್ಕವೆಲ್ಲ ಅಲ್ಲಿತ್ತು. ಅದನ್ನು ಅಫಿಡವಿಟ್‌ಗೆ ಸೇರಿಸಿದೆವು. ಓಣಿಯ ಆ ಎರಡು ಮನೆಯವರೂ ತಮಗೆ ಇದೇ ಮಾತು ಹೇಳಿದ್ದರು ಎಂದು ಬರೆದು ಕೊಟ್ಟರು. ಕಂಪನಿಗೆ ನೋಟಿಸ್ ಹೋಗಿದೆ. ಮುಂದಿನ ತಾರೀಖಿಗೆ ಕಾಕಾನ ಜೊತೆ ಅವರೂ ಬರುತ್ತಿದ್ದಾರೆ.